ಶಿಶಿರದ ಎಲೆ, ಶರತ್ತಿನ ಹೆಸರು
(ಎಲೆಯುದುರುವ ಕಾಲದ ಛಾಯಾಚಿತ್ರಗಳನ್ನು ಕುರಿತ ಒಂದು ವಿಮರ್ಶೆ)

ಇಂಗ್ಲಿಷಿನ 'ಆಟಮ್' ಎಂಬ ಮಾತಿಗೆ ಕನ್ನಡದಲ್ಲಿ 'ಶರದೃತು' ಎಂದು ಸಮಾನಪದವನ್ನು ಕೊಡುವ ವಾಡಿಕೆ ಬಹುಕಾಲದಿಂದ ಬಂದಿದೆ. ತಿಂಗಳುಗಳ ಲೆಕ್ಕದಿಂದ ನೋಡಿದರೆ ಈ ಅನುವಾದ ತಪ್ಪಲ್ಲ. ಆಶ್ವಯುಜ ಕಾರ್ತಿಕಗಳು ಸರಿಸುಮಾರು ಅಕ್ಟೋಬರು ನವೆಂಬರುಗಳಿಗೆ ಹೊಂದುತ್ತವೆ. ಆದರೆ ಕಣ್ಣಿನ ಲೆಕ್ಕದಿಂದ ನೋಡಿದರೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿರಲಾರದು. ಇಂಗ್ಲಿಷು ಮಾತಿನೊಡನೆ ಬರುವ ಚಿತ್ರ ಕೆಂಪಾದ ಮರಗಳದು, ಎಲೆ ಹಾಸಿದ ದಾರಿಯದು. ಕಾಳಿದಾಸನ ಹೆಸರಿನಲ್ಲಿ ಪ್ರಸಿದ್ಧವಾದ ಋತುಸಂಹಾರದ ಶರತ್ತು ಕಾಶಪುಷ್ಪದ್ದು, ಹಂಸದ್ದು, ತಿಳಿಯಾದ ನೀರಿನದು, ಮೋಡ ಕಳೆದ ಆಕಾಶದ್ದು. ಒಂದರ ಬಣ್ಣ ಕೆಂಪು, ಇನ್ನೊಂದರ ಬಣ್ಣ ಬಿಳುಪು. ಎರಡನ್ನೂ ಒಂದೇ ಹೆಸರಿನಿಂದ ಕರೆದುದರ ಫಲ ಭಾಷೆಯಲ್ಲಿ ಅಷ್ಟಾಗಿ ಕಾಣಲಿಲ್ಲ. ಛಾಯಾಚಿತ್ರಕಲೆಯಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಕ್ಯಾಮೆರಾಕ್ಕೆ ನಿಘಂಟು ತಿಳಿಯದು. ಅದು ಎದುರಿಗಿದ್ದುದನ್ನೇ ಹಿಡಿಯುತ್ತದೆ.

ಹೈದರಾಬಾದು ನಗರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇಲ್ಲಿ ಮಳೆಯ ಬಹುಭಾಗ ಜೂನಿನಿಂದ ಅಕ್ಟೋಬರಿನೊಳಗೆ ಸುರಿದುಹೋಗುತ್ತದೆ. ಆದುದರಿಂದ ವಿದೇಶದ ಪತ್ರಿಕೆಗಳು ಎಲೆಯುದುರುವ ಚಿತ್ರಗಳನ್ನು ಅಚ್ಚುಮಾಡುವ ಹೊತ್ತಿಗೆ ಈ ನಗರದ ಮರಗಳು ವರ್ಷದಲ್ಲೆಲ್ಲ ಅತ್ಯಂತ ಹಸುರಾಗಿರುತ್ತವೆ. ಬಂಡೆಗಳ ಸಂದಿಯಲ್ಲಿ ಬೆಳೆದ ಸೀತಾಫಲದ ಪೊದೆಗಳು ಹಣ್ಣು ಹೊತ್ತು ನಿಂತಿರುತ್ತವೆ. ಆ ದಿನಗಳಲ್ಲಿ ಹಣ್ಣೆಲೆಯನ್ನು ಹುಡುಕಿ ಹೊರಟ ಛಾಯಾಗ್ರಾಹಕನು ಬರಿಗೈಯಲ್ಲಿ ಮರಳಬೇಕಾಗುತ್ತದೆ; ಇಲ್ಲವೆ ನಾಡಬಾದಾಮಿಯ ಮರದ ಕೆಳಗೆ ನಿಲ್ಲಬೇಕಾಗುತ್ತದೆ. ಕಡಲತೀರಗಳಿಂದ ಒಳನಾಡಿನ ತೋಟಗಳಿಗೆ ಬಂದ ಈ ಮರಕ್ಕೆ ಉದುರುವ ಮುನ್ನ ಎಲೆಯನ್ನು ಕೆಂಪಾಗಿಸಿಕೊಳ್ಳುವ ಗುಣವಿದೆ. ಅಗಲವಾದ ಎಲೆ, ನೇರವಾದ ನಡುನರ, ಕುಂಕುಮದ ಕೆಂಪು. ಇಷ್ಟಿದ್ದರೆ ಸಾಕಲ್ಲವೆ? ದಖನ್ನಿನ ಶರತ್ಕಾಲವೆಂಬ ತಲೆಬರಹದ ಕೆಳಗೆ ಮತ್ತೆ ಮತ್ತೆ ಕಾಣಬರುವುದು ಈ ಒಂದು ಮರದ ಎಲೆಯೇ. ಇದು ಸುಳ್ಳು ಚಿತ್ರವಲ್ಲ. ಆದರೆ ಸಾವಿರ ಮರಗಳ ಸಾಕ್ಷ್ಯವನ್ನು ಬಿಟ್ಟು ಒಂದರ ಸಾಕ್ಷ್ಯವನ್ನು ತೆಗೆದುಕೊಂಡ ತೀರ್ಪು, ಅದೂ ಆ ಒಂದು ಮರ ಮೇಪಲ್ಲನ್ನು ಹೋಲುತ್ತದೆಂಬ ಕಾರಣಕ್ಕಾಗಿ.

ಈ ನೆಲದ ಎಲೆಯುದುರುವ ಕಾಲ ಶಿಶಿರ, ಮಾಘ ಫಾಲ್ಗುನಗಳು. ಜನವರಿ ಕಳೆಯುತ್ತ ಬಂದಂತೆ ಮುತ್ತುಗ ಬರಿದಾಗತೊಡಗುತ್ತದೆ, ಹೊಂಗೆಯ ಎಲೆ ಹಳದಿಗಟ್ಟುತ್ತದೆ, ಬೇವು ಕೆಲವೇ ವಾರಗಳಲ್ಲಿ ತನ್ನ ಎಲೆಗಳನ್ನು ನೆಲಕ್ಕೆ ಚೆಲ್ಲಿ ಯುಗಾದಿಯ ಹೊತ್ತಿಗೆ ಹೂವಿನೊಡನೆ ನಿಲ್ಲುತ್ತದೆ. ಇದಕ್ಕೆ ಕಾರಣವೂ ಬೇರೆ. ಶೀತ ದೇಶಗಳಲ್ಲಿ ಹಗಲು ಕುಗ್ಗಿ ಚಳಿ ಬರುವುದರಿಂದ ಮರ ಎಲೆಯನ್ನು ಬಿಡುತ್ತದೆ. ದಖನ್ನಿನ ಒಣ ಕಾಡಿನಲ್ಲಿ ಮಣ್ಣಿನ ತೇವ ಕಡಮೆಯಾದುದರಿಂದ, ಎಲೆಯ ಮೂಲಕ ಆಗುವ ನೀರಿನ ವೆಚ್ಚವನ್ನು ತಡೆಯುವುದಕ್ಕಾಗಿ ಬಿಡುತ್ತದೆ. ಅಲ್ಲಿ ಮುಂದೆ ಬರುವುದು ಹಿಮ. ಇಲ್ಲಿ ಮುಂದೆ ಬರುವುದು ಚಿಗುರು. ಎಷ್ಟೋ ಮರಗಳಲ್ಲಿ ಹಣ್ಣೆಲೆ ಪೂರ್ತಿಯಾಗಿ ಉದುರುವುದಕ್ಕೆ ಮೊದಲೇ ಚಿಗುರು ಹೊರಟಿರುತ್ತದೆ. ಪಾಶ್ಚಾತ್ಯ ಚಿತ್ರಗಳಲ್ಲಿ ಉದುರುವ ಎಲೆಗೆ ಅಂಟಿಕೊಂಡ ವಿಷಾದ ಈ ಮರಗಳ ಸ್ವಭಾವಕ್ಕೆ ಒಗ್ಗುವುದಿಲ್ಲವೆಂಬುದನ್ನು ಇದರಿಂದಲೇ ತಿಳಿಯಬಹುದು.

ಮಾತಿನ ಸಾಕ್ಷ್ಯವೂ ಇದಕ್ಕೆ ಅನುಗುಣವಾಗಿದೆ. ಬಿಳಲು ಸಿದ್ಧವಾದ ಹಳದಿ ಎಲೆಯನ್ನು ಕನ್ನಡ 'ಹಣ್ಣೆಲೆ' ಎನ್ನುತ್ತದೆ, ತೆಲುಗು 'ಪಂಡುಟಾಕು' ಎನ್ನುತ್ತದೆ, ಮರಾಠಿ 'ಪಿಕಲೇ ಪಾನ್' ಎನ್ನುತ್ತದೆ. ೧೯೫೬ರವರೆಗೆ ಹೈದರಾಬಾದು ರಾಜ್ಯದಲ್ಲಿ ಒಟ್ಟಿಗೆ ಬಾಳಿದ ಈ ಮೂರು ಭಾಷೆಗಳೂ ಆ ಎಲೆಯಲ್ಲಿ ಸಾವನ್ನು ಕಾಣದೆ ಪಕ್ವತೆಯನ್ನು ಕಂಡಿವೆ. 'ಮಾಗಿ' ಎಂಬುದು ಮಾಘ ಶಬ್ದದ ತದ್ಭವವೆಂದು ಹೇಳುವುದುಂಟು. ಆದರೂ ಆಡುವವನ ಕಿವಿಯಲ್ಲಿ 'ಮಾಗುವುದು' ಅದರ ಪಕ್ಕದಲ್ಲಿಯೇ ಕುಳಿತಿದೆ. ನಾಲ್ಕನೆಯದಾದ ಉರ್ದುವಿನ ಸಂಗತಿ ಬೇರೆ. ಅದರ 'ಖಿಜಾಂ' ಪಾರಸಿಯಿಂದ ಬಂದ ಮಾತು. ಚಿನಾರಿನ ಎಲೆ ಬೆಂಕಿಯಂತಾಗುವ ನಾಡಿನ ನೆನಪನ್ನು ಹೊತ್ತು ಅದು ಚಿನಾರಿಲ್ಲದ ಈ ನಗರದ ಗಜಲುಗಳಲ್ಲಿ ನೆಲೆಸಿತು. ಪರದೇಶದ ಎಲೆಗೆ ಇಲ್ಲಿಯ ಕಣ್ಣು ಮಣಿದುದು ಕ್ಯಾಮೆರಾ ಬಂದ ಮೇಲೆಯೇ ಎಂದು ಹೇಳುವಂತಿಲ್ಲ. ಆದರೆ ಗಜಲಿನಲ್ಲಿ ಖಿಜಾಂ ವಿರಹಕ್ಕೆ ಸಂಕೇತವಾಗಿ ನಿಲ್ಲುತ್ತದೆ. ಅದನ್ನು ಓದುವವನು ಮರವನ್ನು ಹುಡುಕಿಕೊಂಡು ಹೊರಡುವುದಿಲ್ಲ. ಛಾಯಾಚಿತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ.

ಬಣ್ಣದ ವಿಷಯದಲ್ಲಿ ಇನ್ನೊಂದು ತೊಡಕಿದೆ, ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಎಲೆಯ ಹಸುರು ಕಳೆದಾಗ ಅದರಲ್ಲಿ ಮೊದಲಿನಿಂದಲೂ ಅಡಗಿದ್ದ ಹಳದಿ ವರ್ಣದ್ರವ್ಯ ಹೊರಗೆ ಕಾಣುತ್ತದೆ. ಕೆಂಪು ವರ್ಣದ್ರವ್ಯವಾದರೋ ಹೊಸದಾಗಿ ಹುಟ್ಟಬೇಕಾದುದು. ಉತ್ತರ ಅಮೆರಿಕದ ಕಾಡುಗಳಲ್ಲಿ ಅದು ಮುಪ್ಪಿನ ಎಲೆಯಲ್ಲಿ ಹುಟ್ಟುತ್ತದೆ. ದಖನ್ನಿನ ಅನೇಕ ಮರಗಳಲ್ಲಿ ಅದು ಎಳೆಯ ಎಲೆಯಲ್ಲಿ ಹುಟ್ಟುತ್ತದೆ. ಅರಳಿಯ ಚಿಗುರು ತಾಮ್ರದ ಬಣ್ಣ, ಮಾವಿನ ಚಿಗುರು ಕಂದುಗೆಂಪು, ಕುಸುಮದ ಮರ ಚಿಗುರಿದಾಗ ದೂರದಿಂದ ಹೂಬಿಟ್ಟಂತೆಯೇ ತೋರುತ್ತದೆ. ಹಳೆಯ ಕವಿಗಳಿಗೆ ಇದು ತಿಳಿದ ವಿಷಯ. ಅಂಗೈಯನ್ನೂ ಅಡಿಯನ್ನೂ ತುಟಿಯನ್ನೂ ತಳಿರಿಗೆ ಹೋಲಿಸಿದ ಕವಿಸಂಪ್ರದಾಯದಲ್ಲಿ ತಳಿರೆಂದರೆ ಹಸುರಲ್ಲ, ಕೆಂಪು. ಆದಿಕವಿ ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿಯೇ ಇದೆಯೆಂಬುದನ್ನು ಇಲ್ಲಿ ನೆನೆಯಬಹುದು. ಕನ್ನಡದ ಕಾವ್ಯದೃಷ್ಟಿಗೆ ಈ ಸೀಮೆಯ ಮರಗಳು ಹೊಸವಲ್ಲ. ಹಾಗಿರುವಾಗ ಕೆಂಪಾದ ಅರಳಿಯ ಚಿತ್ರಕ್ಕೆ 'ಎಲೆಯುದುರುವ ಕಾಲ' ಎಂದು ಹೆಸರಿಡುವುದು ಹಸುಳೆಯ ಚಿತ್ರದ ಕೆಳಗೆ ಮುದುಕನ ಹೆಸರನ್ನು ಬರೆದಂತೆ. ಇಂತಹ ಚಿತ್ರಗಳು ಅಪರೂಪವಲ್ಲ. ಈಚಿನ ಕೈಫೋನುಗಳು ಬಣ್ಣವನ್ನು ತಾವಾಗಿಯೇ ಗಾಢಗೊಳಿಸುವುದರಿಂದಲೂ, ಹೊಂಗೆಯ ತೆಳು ಹಳದಿಯನ್ನು ಬೆರಳಿನ ಒಂದು ಸರಿತದಿಂದ ಕಿತ್ತಳೆಯಾಗಿ ಮಾರ್ಪಡಿಸಬಹುದಾದುದರಿಂದಲೂ ಈ ಗೊಂದಲ ಹೆಚ್ಚಿದೆ. ಹೊಂಗೆಯ ಹಳದಿಗೆ ಸ್ವತಃ ಒಂದು ಸೊಗಸಿದೆಯೆಂಬುದನ್ನು ಅದನ್ನು ಬದಲಿಸಿದವನು ನೋಡಿಯೇ ಇರುವುದಿಲ್ಲ.

ಎಲೆಗೂ ಛಾಯಾಚಿತ್ರಕ್ಕೂ ಇರುವ ನಂಟು ಈ ಕಲೆಯಷ್ಟೇ ಹಳೆಯದು. ೧೮೩೯ರಲ್ಲಿ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ಟನು, ಬೆಳಕಿಗೆ ಕಪ್ಪಾಗುವ ಕಾಗದದ ಮೇಲೆ ಎಲೆಯನ್ನಿಟ್ಟು ಬಿಸಿಲಿಗೆ ಹಿಡಿದು ಅದರ ನೆರಳನ್ನು ಪಡೆದನು. ೧೮೪೪ರಿಂದ ೧೮೪೬ರವರೆಗೆ ಭಾಗಭಾಗವಾಗಿ ಹೊರಬಂದ ಅವನ 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಗ್ರಂಥದ ೨೪ ಚಿತ್ರಫಲಕಗಳಲ್ಲಿ ಒಂದು ಬರಿಯ ಎಲೆಯದೇ. ಅಲ್ಲಿ ಕ್ಯಾಮೆರಾ ಇಲ್ಲ, ಬಣ್ಣವಿಲ್ಲ, ಋತುವಿಲ್ಲ. ನರಗಳ ಜಾಲ ಮಾತ್ರ ಇದೆ. ಎಲೆಯ ಮೂಲಕ ಬೆಳಕು ಹಾದು ಬರುವಾಗಲೇ ಎಲೆ ತನ್ನನ್ನು ಹೆಚ್ಚಾಗಿ ತೋರಿಸಿಕೊಳ್ಳುತ್ತದೆಂಬ ಸತ್ಯ ಆ ಮೊದಲ ಪ್ರಯೋಗಗಳಲ್ಲಿಯೇ ಸಿಕ್ಕಿಹೋಯಿತು. ಇಂದಿಗೂ ಒಳ್ಳೆಯ ಎಲೆಚಿತ್ರಗಳಲ್ಲಿ ಅನೇಕವು ಸೂರ್ಯನನ್ನು ಎಲೆಯ ಹಿಂದೆ ಇಟ್ಟುಕೊಂಡು ತೆಗೆದವು.

ಹೈದರಾಬಾದಿನ ಛಾಯಾಚಿತ್ರಕಲೆಯ ಮಾತು ಬಂದೊಡನೆ ರಾಜಾ ದೀನದಯಾಳರ ಹೆಸರು ಬಾರದಿರದು. ಮೀರತ್ತಿನ ಬಳಿಯ ಸರ್ಧಾನದಲ್ಲಿ ೧೮೪೪ರಲ್ಲಿ ಜನಿಸಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೂರಿನಲ್ಲಿ ಸರಕಾರಿ ಕೆಲಸದಲ್ಲಿದ್ದುಕೊಂಡೇ ಕ್ಯಾಮೆರಾ ಹಿಡಿದ ಈ ಮಹನೀಯರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ ಸಿಕಂದರಾಬಾದಿನಲ್ಲಿ ನೆಲೆಸಿದರು, ೧೯೦೫ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಗಾಜಿನ ಪಡಿಯಚ್ಚುಗಳ ಒಂದು ದೊಡ್ಡ ಸಂಗ್ರಹ ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರದಲ್ಲಿದೆ. ಅರಮನೆ, ಬೇಟೆ, ದರಬಾರು, ಸ್ಮಾರಕ, ಇವುಗಳಿಗೆ ಅವರು ಹೆಸರಾದವರು, ಎಲೆಗೆ ಅಲ್ಲ. ಅವರ ಕಾಲದ ಚಿತ್ರಗಳಲ್ಲಿ ಮರವು ಸಾಮಾನ್ಯವಾಗಿ ಕಟ್ಟಡದ ಅಂಚಿನಲ್ಲಿ ನಿಂತ ಕಪ್ಪು ರಾಶಿ. ಇದನ್ನು ಕಲಾವಿದರ ಅನಾಸಕ್ತಿಯೆಂದು ತಿಳಿಯುವುದು ಅನ್ಯಾಯವಾದೀತು. ಆ ಕಾಲದ ಫಲಕ ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿತ್ತು. ಹಸುರು ಮಂಕಾಗುತ್ತಿತ್ತು, ಹಳದಿಯೂ ಕೆಂಪೂ ಕಪ್ಪಾಗಿಯೇ ಬರುತ್ತಿದ್ದುವು. ಕಣ್ಣಿಗೆ ಎಲ್ಲಕ್ಕಿಂತ ಬೆಳಗುವ ಹಣ್ಣೆಲೆ ಫಲಕದ ಮೇಲೆ ಹಸುರೆಲೆಗಿಂತಲೂ ಕತ್ತಲಾಗುತ್ತಿತ್ತು. ಬಣ್ಣವನ್ನು ಬೆರೆಸಿ ಫಲಕದ ಗ್ರಹಣಶಕ್ತಿಯನ್ನು ವಿಸ್ತರಿಸಬಹುದೆಂದು ಜರ್ಮನಿಯ ಫೋಗೆಲ್ ೧೮೭೩ರಲ್ಲಿ ಕಂಡುಹಿಡಿದಿದ್ದರೂ, ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕ ಮಾರಾಟಕ್ಕೆ ಬಂದುದು ೧೯೦೬ರಲ್ಲಿ, ಅಂದರೆ ದೀನದಯಾಳರು ತೀರಿಕೊಂಡ ಮರುವರ್ಷ. ಲ್ಯೂಮಿಯೇರ್ ಸೋದರರ ವರ್ಣಫಲಕ ಬಂದುದು ೧೯೦೭ರಲ್ಲಿ. ಗಾಳಿಗೆ ಅಲುಗುವ ಎಲೆ ದೀರ್ಘಕಾಲ ತೆರೆದಿಟ್ಟ ಮಸೂರದ ಮುಂದೆ ಮಂಜಾಗುತ್ತಿದ್ದುದು ಮತ್ತೊಂದು ತೊಂದರೆ.

ಆದರೆ ಆಯ್ಕೆಯ ವಿಷಯದಲ್ಲಿ ಆ ತಲೆಮಾರಿನವರಿಂದ ಕಲಿಯಬೇಕಾದುದು ಬಹಳವಿದೆ. ಒದ್ದೆ ಕೊಲೋಡಿಯನ್ನಿನ ಫಲಕವನ್ನು ಸ್ಥಳದಲ್ಲಿಯೇ ಲೇಪಿಸಿ, ಒಣಗುವುದರೊಳಗಾಗಿ ಚಿತ್ರ ತೆಗೆದು, ಕತ್ತಲ ಗುಡಾರದಲ್ಲಿ ಸಂಸ್ಕರಿಸಿ ಮುಗಿಸಬೇಕಾಗಿತ್ತು. ಒಣ ಜೆಲಟಿನ್ ಫಲಕ ಬಂದ ಮೇಲೆಯೂ ಗಾಜಿನ ತೂಕ, ಬೆಲೆ ತಪ್ಪಲಿಲ್ಲ. ಹತ್ತು ಚಿತ್ರ ತೆಗೆದು ಒಂದನ್ನು ಆರಿಸುವ ಸೌಕರ್ಯ ಅವರಿಗಿರಲಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ನಿಲ್ಲಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನವೆಲ್ಲ ಮಸೂರ ತೆರೆಯುವುದಕ್ಕೆ ಮುಂಚೆಯೇ ಆಗಬೇಕಾಗಿತ್ತು. ೧೯೨೫ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದ ಸುರುಳಿಯಲ್ಲಿ ೩೬ ಚಿತ್ರಗಳಿಗೆ ಎಡೆ ಸಿಕ್ಕಿತು; ಆಯ್ಕೆಯ ಅರ್ಧಭಾಗ ಚಿತ್ರ ತೆಗೆದ ಮೇಲಿನದಾಯಿತು. ಈಗ ಒಂದು ಬೆಳಗಿನಲ್ಲಿ ಮುನ್ನೂರು ಚಿತ್ರಗಳನ್ನು ತೆಗೆಯುವುದು ಹೆಚ್ಚಲ್ಲ, ಆಯ್ಕೆ ಬಹುಮಟ್ಟಿಗೆ ಮನೆಗೆ ಬಂದ ಮೇಲೆ ಮಾಡುವ ಕೆಲಸವಾಗಿದೆ. ಆದುದರಿಂದ ಇಂದು ಛಾಯಾಗ್ರಾಹಕನು ಕಲಾವಿದನಾಗುವುದಕ್ಕೆ ಮೊದಲು ತನ್ನ ಚಿತ್ರಗಳಿಗೇ ವಿಮರ್ಶಕನಾಗಬೇಕು. ಈ ಎರಡನೆಯ ಕೆಲಸಕ್ಕೆ ಬೇಕಾದ ಶಿಕ್ಷಣ ದೊರೆಯುವುದು ವಿರಳ.

ವರ್ಣಚಿತ್ರದಲ್ಲಿ ಎಲೆಯನ್ನು ಗೌರವದ ವಿಷಯವಾಗಿ ಮಾಡಿದವರಲ್ಲಿ ಅಮೆರಿಕದ ಎಲಿಯಟ್ ಪೋರ್ಟರ್ ಮುಖ್ಯನು. ಥೋರೋವಿನ ಬರೆಹಗಳೊಡನೆ ತನ್ನ ಚಿತ್ರಗಳನ್ನು ಜೋಡಿಸಿ ೧೯೬೨ರಲ್ಲಿ ಸಿಯೆರಾ ಕ್ಲಬ್ಬಿನ ಮೂಲಕ ಅವನು ಹೊರತಂದ ಗ್ರಂಥ ಪ್ರಸಿದ್ಧವಾಗಿದೆ. ಪೋರ್ಟರನ ಗುಣ ಬಣ್ಣದ ಅಬ್ಬರದಲ್ಲಿಲ್ಲ, ಸಂಯಮದಲ್ಲಿದೆ. ಬಿಸಿಲಿಗಿಂತ ನೆರಳಿನ ಮೃದುವಾದ ಬೆಳಕನ್ನು ಅವನು ನೆಚ್ಚಿದನು; ದಿಗಂತವನ್ನು ಬಿಟ್ಟು ನೆಲದ ಒಂದು ತುಂಡನ್ನು ಹತ್ತಿರದಿಂದ ನೋಡಿದನು. ಅವನನ್ನು ಅನುಕರಿಸುವವರು ಕೆಂಪನ್ನು ತೆಗೆದುಕೊಂಡು ಸಂಯಮವನ್ನು ಬಿಟ್ಟರು. ಮೇಲಾಗಿ ಆ ಗ್ರಂಥಕ್ಕಾಗಿ ಅವನು ಮುಖ್ಯವಾಗಿ ಚಿತ್ರಿಸಿದ್ದು ಥೋರೋವಿನ ಸೀಮೆಯ ಮರಗಳನ್ನು. ಆ ನಿಷ್ಠೆಯನ್ನು ಅನುಕರಿಸುವವನು ದಖನ್ನಿನಲ್ಲಿ ಮೇಪಲ್ಲನ್ನು ಹುಡುಕಲಾರನು.

ಬಣ್ಣವನ್ನು ಪೂರ್ತಿಯಾಗಿ ಬಿಟ್ಟರೆ ಹೇಗೆ ಎಂಬ ಪ್ರಶ್ನೆಯೂ ಏಳುತ್ತದೆ. ಸಂಡೂರಿನ ಎಂ. ವೈ. ಘೋರ್ಪಡೆಯವರು (೧೯೩೧–೨೦೧೧) ಕಪ್ಪು-ಬಿಳುಪಿನಲ್ಲಿ ಮಾಡಿದ ವನ್ಯಜೀವಿ ಚಿತ್ರಗಳು, ಮುಖ್ಯವಾಗಿ ೧೯೮೩ರ 'ಸನ್‌ಲೈಟ್ ಅಂಡ್ ಷ್ಯಾಡೋಸ್' ಗ್ರಂಥ, ಕಾಡಿನ ಸೊಬಗು ಬೆಳಕಿನ ಹಂಚಿಕೆಯಲ್ಲಿದೆಯೇ ಹೊರತು ಬಣ್ಣದಲ್ಲಿಲ್ಲವೆಂಬ ನಿಲುವಿಗೆ ಒಳ್ಳೆಯ ಆಧಾರ. ಸಾಗುವಾನಿಯ ಎಲೆಗೆ ಈ ನಿಲುವು ಬಹಳ ಚೆನ್ನಾಗಿ ಸಲ್ಲುತ್ತದೆ. ಹುಳು ತಿಂದು ನರಗಳನ್ನು ಮಾತ್ರ ಉಳಿಸಿದ ಆ ದೊಡ್ಡ ಎಲೆಯನ್ನು ಬೆಳಕಿಗೆ ಎದುರಾಗಿ ಹಿಡಿದರೆ ಬೆಸ್ತರ ಬಲೆಯಂತೆ ಕಾಣುತ್ತದೆ. ಅದಕ್ಕೆ ಬಣ್ಣದಿಂದ ಆಗಬೇಕಾದುದೇನೂ ಇಲ್ಲ. ಆದರೆ ಹೊಂಗೆಯಲ್ಲಿ ಹಳದಿಯ ಪಕ್ಕದಲ್ಲಿ ಎಳೆ ಹಸುರು ಹೊರಡುವ ಸಂಧಿಕಾಲವನ್ನು ಕಪ್ಪು-ಬಿಳುಪು ಹೇಳಲಾರದು. ಎರಡೂ ಒಂದೇ ಬೂದಿಯಾಗಿಬಿಡುತ್ತವೆ.

ಇನ್ನು ಆಯ್ಕೆಯನ್ನೇ ಪರೀಕ್ಷಿಸಬಹುದು. ಫೆಬ್ರವರಿಯ ಒಂದು ಬೆಳಗ್ಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿಯೋ ಜ್ಯೂಬಿಲಿ ಹಿಲ್ಸಿನ ಕಾಸು ಬ್ರಹ್ಮಾನಂದರೆಡ್ಡಿ ಉದ್ಯಾನದಲ್ಲಿಯೋ ಸುತ್ತಿ ಬಂದವನ ಮುಂದೆ ನಾಲ್ಕು ಬಗೆಯ ಚಿತ್ರಗಳಿವೆಯೆಂದು ಇಟ್ಟುಕೊಳ್ಳೋಣ. ಮೊದಲನೆಯದು, ಹಿಂದಿನಿಂದ ಬೆಳಕು ಬಿದ್ದ ಒಂಟಿ ಹಣ್ಣೆಲೆ, ಹಿನ್ನೆಲೆಯೆಲ್ಲ ಮಸುಕು. ಎರಡನೆಯದು, ಬೂದು ಬಣ್ಣದ ಕಣಶಿಲೆಯ ಬಂಡೆಯ ಮೇಲೆ ಬಿದ್ದ ನಾಲ್ಕೈದು ತರಗೆಲೆಗಳು. ಮೂರನೆಯದು, ಒಂದು ಕೊಂಬೆ ಬರಿದು, ಒಂದು ಕೊಂಬೆ ಹಳದಿ, ಒಂದು ಕೊಂಬೆ ಚಿಗುರು, ಹೀಗೆ ನಿಂತ ಇಡೀ ಮರ. ನಾಲ್ಕನೆಯದು, ಉದುರಿದ ಎಲೆಗಳನ್ನು ಉದ್ದನೆಯ ಪೊರಕೆಯಿಂದ ಗುಡ್ಡೆ ಹಾಕುತ್ತಿರುವ ಪೌರಕಾರ್ಮಿಕ ಮಹಿಳೆ, ಆಚೆಗೆ ಸುಡುತ್ತಿರುವ ಇನ್ನೊಂದು ಗುಡ್ಡೆಯ ಹೊಗೆ.

ಮೊದಲನೆಯ ಚಿತ್ರಕ್ಕೆ ಮೆಚ್ಚುಗೆ ಸುಲಭವಾಗಿ ದೊರೆಯುತ್ತದೆ. ಅದರಲ್ಲಿ ತಪ್ಪು ಹುಡುಕುವುದು ಕಷ್ಟ, ಅದೇ ಅದರ ದೋಷ. ಆ ಎಲೆ ಯಾವ ಊರಿನದಾದರೂ ಆಗಬಹುದು. ಹಿನ್ನೆಲೆಯನ್ನು ಮಸುಕುಮಾಡುವುದರೊಡನೆ ಊರನ್ನೂ ಅಳಿಸಿದ್ದಾಯಿತು. ಟಾಲ್ಬಟ್ಟನ ಎಲೆಗೂ ಊರಿರಲಿಲ್ಲವಲ್ಲ ಎಂದರೆ, ಅವನು ಬೆಳಕಿನ ಒಂದು ಗುಣವನ್ನು ಮೊದಲ ಬಾರಿಗೆ ತೋರಿಸುತ್ತಿದ್ದನು. ಲಕ್ಷದ ಬಾರಿಗೆ ಅದನ್ನು ತೋರಿಸುವವನಿಗೆ ಆ ರಿಯಾಯಿತಿ ಸಲ್ಲದು. ಎರಡನೆಯ ಚಿತ್ರ ಇದಕ್ಕಿಂತ ಮೇಲು. ಈ ನಗರದ ಬಂಡೆಗಳು ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಒಂದು ವರ್ಷದ ಎಲೆಯೂ ಅಷ್ಟು ಕಾಲದ ಕಲ್ಲೂ ಒಂದೇ ಚೌಕಟ್ಟಿನಲ್ಲಿ ಸೇರಿದಾಗ, ಛಾಯಾಗ್ರಾಹಕನು ಉದ್ದೇಶಿಸದಿದ್ದರೂ, ಕಾಲದ ಒಂದು ಅಳತೆ ಚಿತ್ರದೊಳಗೆ ಬಂದುಬಿಡುತ್ತದೆ. ಆದರೆ ಇಲ್ಲಿ ಒಂದು ಅಪಾಯವುಂಟು: ಎಲೆಗಳನ್ನು ಕೈಯಿಂದ ಜೋಡಿಸಿಡುವ ಚಪಲ. ಜೋಡಿಸಿದ ಎಲೆ ಎಷ್ಟು ಜಾಣತನದಿಂದ ಇಟ್ಟರೂ ಜೋಡಿಸಿದಂತೆಯೇ ಕಾಣುತ್ತದೆ. ಗಾಳಿ ಹಾಕಿದ ಎಲೆಗಳು ಬಂಡೆಯ ತಗ್ಗಿನಲ್ಲಿ ಒತ್ತಾಗಿ ಸೇರಿಕೊಂಡಿರುತ್ತವೆ. ಕೈ ಹಾಕಿದ ಎಲೆಗಳು ನಡುವೆ ಸಮನಾದ ಅಂತರವಿಟ್ಟುಕೊಂಡು ನೆಂಟರಂತೆ ಕುಳಿತಿರುತ್ತವೆ.

ಮೂರನೆಯದು ತೆಗೆಯಲು ಅತ್ಯಂತ ಕಷ್ಟವಾದ ಚಿತ್ರ. ಇಡೀ ಮರ ಗೊಂದಲದ ವಸ್ತು; ಮಾಘದ ಬಿಸಿಲೂ ಸೂರ್ಯೋದಯದ ಮೊದಲ ಗಂಟೆ ಕಳೆದ ಮೇಲೆ ಕಠೋರವಾಗುತ್ತದೆ. ಹತ್ತರಲ್ಲಿ ಒಂಬತ್ತು ಪ್ರಯತ್ನಗಳು ಕೆಟ್ಟುಹೋಗುತ್ತವೆ. ಆದರೂ ಈ ನಾಡಿನ ಶಿಶಿರಕ್ಕೆ ಮಾತ್ರ ಸೇರಿದ ಸಂಗತಿ ಅದರಲ್ಲಿದೆ. ಉದುರುವುದೂ ಹುಟ್ಟುವುದೂ ಒಂದೇ ವಾರದಲ್ಲಿ, ಒಂದೇ ಕಾಂಡದ ಮೇಲೆ ನಡೆಯುತ್ತಿರುವುದನ್ನು ಚೌಕಟ್ಟು ತುಂಡರಿಸದೆ ತೋರಿಸುತ್ತದೆ. ಸ್ವಲ್ಪ ಒರಟಾಗಿದ್ದರೂ ಇಂತಹ ಚಿತ್ರವನ್ನು ಮೊದಲನೆಯದಕ್ಕಿಂತ ಮೇಲಿಡುವ ಧೈರ್ಯ ತೀರ್ಪುಗಾರನಿಗಿರಬೇಕು.

ನಾಲ್ಕನೆಯದರ ವಿಷಯದಲ್ಲಿಯೇ ನಿಜವಾದ ವಾದ ಹುಟ್ಟುವುದು. ಬೆಂಗಳೂರಿನ ಡಾ. ಜಿ. ಥಾಮಸರ ಮುಂದಾಳುತನದಲ್ಲಿ ೧೯೫೩ರಲ್ಲಿ ಭಾರತೀಯ ಛಾಯಾಚಿತ್ರ ಒಕ್ಕೂಟ ಸ್ಥಾಪನೆಯಾದಂದಿನಿಂದ ಹವ್ಯಾಸಿಗಳ ಸಂಘಗಳೂ ಪ್ರದರ್ಶನಗಳೂ ದೇಶದಲ್ಲಿ ಬೆಳೆದುವು. ಎಷ್ಟೋ ಮಂದಿ ಸಾಮಾನ್ಯರಿಗೆ ಬೆಳಕನ್ನು ನೋಡುವ ಕ್ರಮ ಅವುಗಳಿಂದ ತಿಳಿಯಿತು. ಆದರೆ ಪ್ರದರ್ಶನದ ಅಭಿರುಚಿ ಎಲ್ಲ ದೇಶಗಳಲ್ಲಿಯೂ ಪ್ರಕೃತಿಚಿತ್ರವನ್ನು ಒಂದು ವಿಭಾಗ, ಜನಜೀವನವನ್ನು ಇನ್ನೊಂದು ವಿಭಾಗವೆಂದು ಬೇರ್ಪಡಿಸಿದೆ. ಈ ಬೇಲಿಯಿಂದಾಗಿ ಎಲೆಯ ಚಿತ್ರ ತೆಗೆಯುವವನು ಪೊರಕೆ ದೂರವಾಗುವವರೆಗೆ ಕಾಯುತ್ತಾನೆ, ಇಲ್ಲವೆ ಅಂಚನ್ನು ಕತ್ತರಿಸಿಬಿಡುತ್ತಾನೆ. ನಗರದಲ್ಲಿ ಎಲೆ ಉದುರುವುದೆಂದರೆ ಯಾರೋ ಒಬ್ಬರು ಅದನ್ನು ಗುಡಿಸುವುದೆಂದೇ ಅರ್ಥ. ಬೇವಿನ ಸಣ್ಣ ಎಲೆಗಳು ಉದುರುವ ವಾರಗಳಲ್ಲಿ ಬೆಳಗ್ಗೆ ಗುಡಿಸಿದ ಬೀದಿ ಮಧ್ಯಾಹ್ನಕ್ಕೆ ಮತ್ತೆ ತುಂಬಿರುತ್ತದೆ. ಹಣ್ಣೆಲೆಯ ಸೊಗಸನ್ನು ಆಕೆ ಕಂಡಷ್ಟು ಹತ್ತಿರದಿಂದ ಯಾವ ಮಸೂರವೂ ಕಂಡಿಲ್ಲ. ಅದರ ಭಾರವನ್ನೂ ಹಾಗೆಯೇ. ಹಾಗೆಂದ ಮಾತ್ರಕ್ಕೆ ಪೊರಕೆ ಹಿಡಿದವರನ್ನು ಸೇರಿಸಿದ ಚಿತ್ರವೆಲ್ಲ ಉತ್ತಮವಾಗದು. ಆಕೆಯನ್ನು ಹೊಗೆಯ ಹಿನ್ನೆಲೆಯಲ್ಲಿ ಒಂದು ಕಪ್ಪು ಆಕೃತಿಯಾಗಿ ನಿಲ್ಲಿಸಿ, ಬಿಸಿಲಿನ ಕೋಲುಗಳಿಗೆ ಅಲಂಕಾರವಾಗಿ ಬಳಸಿಕೊಂಡ ಚಿತ್ರಗಳು ಬೇಕಾದಷ್ಟಿವೆ. ಅಲ್ಲಿ ಆಕೆಗೆ ಮುಖವಿಲ್ಲ. ಸುಡುವ ಎಲೆಯ ಹೊಗೆ ಕಣ್ಣಿಗೆ ಸೊಗಸು, ಉಸಿರಿಗೆ ವಿಷ. ಚಿತ್ರದಲ್ಲಿ ಅದು ಮಂಜಿನಂತೆ ಕಂಡರೆ ಚಿತ್ರ ಸುಳ್ಳಾಡಿದೆಯೆಂದೇ ಹೇಳಬೇಕು.

ಈ ನಾಲ್ಕರಲ್ಲಿ ಒಂದನ್ನೇ ಉಳಿಸಬೇಕಾದರೆ ಮೂರನೆಯ ಬಗೆಯದನ್ನು ಉಳಿಸುವುದು ಉಚಿತ. ಎರಡಕ್ಕೆ ಅವಕಾಶವಿದ್ದರೆ ನಾಲ್ಕನೆಯದನ್ನು ಅದರ ಪಕ್ಕದಲ್ಲಿಯೇ ತೂಗಹಾಕಬೇಕು; ಅದೂ ಮಹಿಳೆ ತಲೆಯೆತ್ತಿ ಮರವನ್ನು, ಇನ್ನೂ ಎಷ್ಟು ಎಲೆ ಉಳಿದಿದೆಯೆಂದು ನೋಡುತ್ತಿರುವ ಚಿತ್ರವಿದ್ದರೆ ಅದನ್ನೇ. ಅಂತಹ ಚಿತ್ರಕ್ಕಾಗಿ ಅಕ್ಟೋಬರಿನಲ್ಲಿ ಹೊರಟು ಪ್ರಯೋಜನವಿಲ್ಲ. ಮಾಘ ಬರಬೇಕು, ಬೆಳಗ್ಗೆ ಏಳು ಗಂಟೆಗೆ ಮುಂಚೆ ಬೀದಿಗೆ ಇಳಿಯಬೇಕು.